ಮನೆಯಲ್ಲಿ ಸ್ಪಾ ಪಾರ್ಟಿ ಇಟ್ಟುಕೊಂಡಿದ್ದೀರಾ? ಕಪ್ಪು ಮೆಹಂದಿ ಕೋನ್ ಮಾತ್ರ ಬೇಡವೇ ಬೇಡ

ಮದುವೆಗೆ ಮುಂಚೆ ಗೆಳತಿಯರೆಲ್ಲ ಸೇರಿ, ಬ್ಯೂಟಿಷಿಯನ್ ಅನ್ನು ಮನೆಗೇ ಕರೆಸಿ ಸ್ಪಾ ಪಾರ್ಟಿ ಮಾಡೋದು ಈಗ ಜಾಸ್ತಿಯಾಗಿದೆ. ಧಾರಾಳವಾಗಿ ಮಾಡಿ. ಆದರೆ ಯಾರಾದರೂ ‘ಇನ್‌ಸ್ಟಂಟ್ ಬ್ಲ್ಯಾಕ್’ ಮೆಹಂದಿ ಕೋನ್ ಹೊರಗೆ ತೆಗೆದರೆ ಅಲ್ಲೇ ತಡೆಯಿರಿ.

ಬಿಸಿನೀರಿನ ಟಬ್‌ನಲ್ಲಿ ಕಾಲಿಟ್ಟುಕೊಂಡು, ಮುಖಕ್ಕೆ ಕಡಲೆಹಿಟ್ಟು ಮೊಸರು ಹಚ್ಚಿಕೊಂಡು ನಮ್ಮ ಮನೆಯಲ್ಲೂ ಎಲ್ಲರೂ ಹರಟುತ್ತಿದ್ದೆವು. ಕೊನೆಗೆ ಬ್ಯೂಟಿಷಿಯನ್ ಕೋನ್ ತೆಗೆದರು. ‘ಅರ್ಧ ಗಂಟೆ ಸಾಕು ಮೇಡಂ, ಕಾಡಿಗೆ ಥರ ಕಪ್ಪಾಗುತ್ತೆ. ಪೂರ್ತಿ ನ್ಯಾಚುರಲ್’ ಅಂದರು. ಒಳಗೆ ಏನು ಬೆರೆಸಿದ್ದಾರೆ ಅಂತ ಕೋನ್ ಮೇಲೆ ಒಂದಕ್ಷರವೂ ಇರಲಿಲ್ಲ. ನನ್ನ ತಂಗಿ ಮುಂಗೈ ತುಂಬ ಬಳ್ಳಿ ಹಾಕಿಸಿಕೊಂಡಳು.

ಅವತ್ತು ಏನೂ ಆಗಲಿಲ್ಲ. ಆಮೇಲೆ ತುರಿಕೆ ಶುರುವಾಯಿತು. ಬಳ್ಳಿ ಎಲ್ಲೆಲ್ಲಿ ಹರಿದಿತ್ತೋ ಅಲ್ಲಲ್ಲೇ ಚರ್ಮ ಕೆಂಪಾಗಿ ಉಬ್ಬಿ ನೀರುಗುಳ್ಳೆ ಎದ್ದವು. ಎಲೆ, ಮೊಗ್ಗು, ಸುಳಿ, ಒಂದೂ ಬಿಡದೆ. ಮದುವೆ ದಿನ ಅವಳಿಗೆ ಬಳೆ ತೊಡಲೂ ಆಗಲಿಲ್ಲ. ಹೊಟ್ಟೆ ಉರಿಯಿತು.

ಚರ್ಮದ ಡಾಕ್ಟರ್ ನೋಡಿದ ತಕ್ಷಣ ಹೇಳಿದರು: ಪಿಪಿಡಿ. ತಲೆಗೂದಲಿನ ಕಪ್ಪು ಡೈಗೆ ಹಾಕುವ ರಾಸಾಯನಿಕ ಅದು. ಯುರೋಪಿನಲ್ಲಿ ಕೂದಲಿನ ಡೈಗೇ ಶೇ. 2ಕ್ಕಿಂತ ಹೆಚ್ಚು ಇರಬಾರದು ಅಂತ ಮಿತಿಯಿದೆ, ಚರ್ಮಕ್ಕಂತೂ ಹಚ್ಚುವಂತೆಯೇ ಇಲ್ಲ. ಗುಳ್ಳೆ ವಾಸಿಯಾದರೂ ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಅದಕ್ಕಿಂತ ಸಂಕಟದ ವಿಷಯ, ಒಮ್ಮೆ ಅಲರ್ಜಿ ಹತ್ತಿದರೆ ಸಾಮಾನ್ಯವಾಗಿ ಜೀವನಪೂರ್ತಿ ಬಿಡಲ್ಲ. ಮುಂದೆ ಯಾವಾಗಲೋ ಕೂದಲಿಗೆ ಡೈ ಹಚ್ಚಿದರೆ ಮುಖ, ಕಣ್ಣು ಊದಿಕೊಳ್ಳಬಹುದು. ಹಿಂದೆ ಹಚ್ಚಿದಾಗ ಏನೂ ಆಗಿಲ್ಲ ಅನ್ನೋದನ್ನೂ ನಂಬುವಂತಿಲ್ಲ. ಅಲರ್ಜಿ ಎರಡನೇ ಸಲವೋ ಮೂರನೇ ಸಲವೋ ಬರಬಹುದು.

ನಿಜವಾದ ಗೋರಂಟಿ ಅರ್ಧ ಗಂಟೆಯಲ್ಲಿ ಕಪ್ಪಾಗಲ್ಲ. ಕೆಲವು ಗಂಟೆ ಬಿಡಬೇಕು. ಉದುರಿಸಿದಾಗ ಕಿತ್ತಳೆ ಬಣ್ಣ, ಒಂದೆರಡು ದಿನದಲ್ಲಿ ಕಂದುಗೆಂಪು. ಅಜ್ಜಿಯಂದಿರು ಸೊಪ್ಪು ಅರೆದು ಹಚ್ಚಿ ರಾತ್ರಿಯಿಡೀ ಬಿಡುತ್ತಿದ್ದರು ಅಲ್ವಾ? ಪಾರ್ಟಿಗೆ ಆ ಸೊಪ್ಪಿನ ಪುಡಿಯನ್ನೇ ತಂದು ನೀವೇ ಕಲಸಿಕೊಳ್ಳಿ. ಮಕ್ಕಳ ಕೈಗಂತೂ ಅಂಗಡಿಯ ಕಪ್ಪು ಕೋನ್ ಮುಟ್ಟಿಸಲೇಬೇಡಿ.

ಈಗಾಗಲೇ ಹಚ್ಚಿಸಿಕೊಂಡಿದ್ದರೆ ಸೋಪು ನೀರಿನಲ್ಲಿ ತೊಳೆಯಿರಿ. ತುರಿಕೆ ಬಂದರೆ ಅರಿಶಿನ, ನಿಂಬೆಹಣ್ಣು ಅಂತ ಸುಮ್ನೆ ಪ್ರಯೋಗ ಮಾಡದೆ ಚರ್ಮದ ಡಾಕ್ಟರ್ ಹತ್ತಿರ ಹೋಗಿ. ಗುಳ್ಳೆ ಒಡೆಯಬೇಡಿ. ಉಳಿದ ಕೋನ್ ಬಿಸಾಡದೆ ಡಾಕ್ಟರಿಗೆ ತೋರಿಸಿ.