ಹಬ್ಬದ ಒಗಟಿನಲ್ಲಿ ಭಾಗಾಕಾರ: ವರ್ಷ ಬಳಸಿದ ಮೇಲೆ ನನ್ನ ಅಭಿಪ್ರಾಯ

ನಾಲ್ಕನೇ, ಐದನೇ ಕ್ಲಾಸಿನ ಮಕ್ಕಳಿಗೆಂದು ಹಬ್ಬದ ಭಾಗಾಕಾರದ ಒಗಟುಗಳಿರುವ ಹಾಳೆಗಳ ಪಿಡಿಎಫ್ ತೆಗೆದುಕೊಂಡು ವರ್ಷ ದಾಟಿತು. ಮಂಗಳೂರಿನ ನಮ್ಮ ಶಾಲೆಯಲ್ಲಿ ಅಷ್ಟಮಿಗೆ ಶುರು ಮಾಡಿ ಚೌತಿ, ಮಾರ್ನೆಮಿ (ನವರಾತ್ರಿ), ದೀಪಾವಳಿ, ಕ್ರಿಸ್‌ಮಸ್ ಎಲ್ಲದಕ್ಕೂ ಬಳಸಿದೆ. ಈಗ ಎರಡನೇ ಸುತ್ತು. ತೆಗೆದುಕೊಳ್ಳಿ ಅಂತಲೇ ಹೇಳುತ್ತೇನೆ. ಆದರೆ ಶೇಷ ಉಳಿಯುವ ಲೆಕ್ಕಗಳನ್ನು ನೀವೇ ಸೇರಿಸಿಕೊಳ್ಳಬೇಕು.

ಒಗಟು ಹೀಗಿರುತ್ತದೆ: ಪ್ರತಿ ಭಾಗಾಕಾರದ ಉತ್ತರಕ್ಕೂ ಒಂದು ಅಕ್ಷರ. ಲೆಕ್ಕ ಮಾಡುತ್ತಾ ಹೋದರೆ ಹಬ್ಬದ ಒಂದು ಪದ ಸಿಗುತ್ತದೆ. ಕಾಗುಣಿತ, ಒತ್ತು ಬಿಡಿಸದೆ ಇಡೀ ಅಕ್ಷರವನ್ನೇ ಕೊಟ್ಟಿದ್ದಾರೆ. ಹಾಗಾಗಿ ‘ಚಕ್ಕುಲಿ’ಗೆ ಮೂರೇ ಲೆಕ್ಕ, ‘ಮೊಸರು ಕುಡಿಕೆ’ಗೆ ಆರು. ನಿಧಾನಕ್ಕೆ ಮಾಡುವ ಮಕ್ಕಳಿಗೆ ಚಿಕ್ಕ ಪದ ಕೊಡಬಹುದು, ಇದು ತುಂಬಾ ಅನುಕೂಲ.

ನನಗೆ ಅತಿ ಹೆಚ್ಚು ಇಷ್ಟವಾದದ್ದು ವಿಟ್ಲಪಿಂಡಿಯ, ಅಂದರೆ ಅಷ್ಟಮಿಯ ಮೊಸರು ಕುಡಿಕೆ ಉತ್ಸವದ ಹಾಳೆ. ಗುರ್ಜಿಗೆ (ಮಡಕೆ ತೂಗುಹಾಕುವ ಚೌಕಟ್ಟು) ಕಟ್ಟಿದ ಒಂದೊಂದು ಮಡಕೆಯ ಮೇಲೂ ಒಂದು ಲೆಕ್ಕ, ಸಿಗಬೇಕಾದ ಪದ ‘ಮೊಸರು ಕುಡಿಕೆ’. ಮೂರನೇ ಮಡಕೆಯಲ್ಲಿ 612 ÷ 6. ಸುಮಾರು ಮಕ್ಕಳು ಬರೆಯುವುದು 12. ನೂರರ ಸ್ಥಾನದ 6ರಲ್ಲಿ 6 ಒಂದು ಸಲ ಹೋಗುತ್ತದೆ. ಆಮೇಲೆ 1 ಇಳಿಸಿದಾಗ ಹೋಗುವುದಿಲ್ಲ, ಅಲ್ಲಿ ಸೊನ್ನೆ ಹಾಕಬೇಕು. ಅದನ್ನು ಬಿಟ್ಟು ಸೀದಾ 2 ಇಳಿಸಿಬಿಡುತ್ತಾರೆ. ಹಾಳೆ ಮಾಡಿದವರಿಗೆ ಇದು ಗೊತ್ತಿದೆ. ಅಕ್ಷರಗಳ ಪಟ್ಟಿಯಲ್ಲಿ 102ಕ್ಕೆ ‘ರು’ ಇಟ್ಟು, 12ಕ್ಕೂ ಬೇಕೆಂದೇ ‘ಪು’ ಇಟ್ಟಿದ್ದಾರೆ. “ಮೊಸಪು ಅಂದ್ರೆ ಎಂತ ಟೀಚರ್?” ಅಂತ ಒಬ್ಬ ಕೇಳಿದ. ನಾನು ಉತ್ತರ ಕೊಡುವ ಮೊದಲೇ ರಬ್ಬರ್ ಹಿಡಿದು ವಾಪಸ್ ಲೆಕ್ಕಕ್ಕೆ ಹೋಗಿದ್ದ. ಸೊನ್ನೆ ಎಲ್ಲಿ ಬಿಟ್ಟುಹೋಯಿತು ಅಂತ ಅವನೇ ಹುಡುಕಿದ. ಕೆಂಪು ಇಂಕಿನ ಇಂಟು ಗುರುತು ನೋಡಿ ಮಕ್ಕಳು ಹೀಗೆ ಹುಡುಕಿದ್ದನ್ನು ನಾನು ಕಂಡಿಲ್ಲ.

ಒಂದು ತೊಂದರೆ ಅಂದರೆ ನಾಲ್ಕು ಅಕ್ಷರ ಸಿಕ್ಕಿದ ಕೂಡಲೇ ಜಾಣ ಮಕ್ಕಳು ಉಳಿದದ್ದನ್ನು ಊಹಿಸಿ ಬರೆದುಬಿಡುತ್ತಾರೆ. ಅದಕ್ಕೆ ನಮ್ಮ ಕ್ಲಾಸಿನಲ್ಲಿ ಹಾಳೆಯ ಹಿಂದೆ 102 × 6 = 612 ಅಂತ ತಾಳೆ ನೋಡಿ ಬರೆದರೆ ಮಾತ್ರ ಒಗಟು ಮುಗಿದ ಲೆಕ್ಕ.

ಇನ್ನು ಶೇಷದ ವಿಷಯ. ಒಂದು ಅಕ್ಷರಕ್ಕೆ ಒಂದೇ ಸಂಖ್ಯೆ ಇರಬೇಕಾದ್ದರಿಂದ ಬಹುಪಾಲು ಲೆಕ್ಕಗಳು ಸರಿಯಾಗಿ ಭಾಗವಾಗುವಂಥವೇ. ಇದು ದೊಡ್ಡ ಕೊರತೆ. ಮಾರ್ನೆಮಿಗೆ ನಾನೇ ಒಂದು ಮಾಡಿದೆ: 47 ಜನರ ಹುಲಿವೇಷದ ತಂಡ, ಒಂದು ಗಾಡಿಗೆ 6 ಜನ, ಎಷ್ಟು ಗಾಡಿ ಬೇಕು? ಎಲ್ಲರೂ 7 ಅಂದರು. ಸ್ವಲ್ಪ ಹೊತ್ತಿಗೆ ಹಿಂದಿನ ಬೆಂಚಿನಿಂದ, “ಟೀಚರ್, ಐದು ಹುಲಿ ಬಾಕಿ ಆಯ್ತಲ್ಲ, ಅವು ನಡ್ಕೊಂಡು ಬರುದಾ?” ಅಲ್ಲಿಂದ 8 ಗಾಡಿ ಆಯಿತು. ಕ್ರಿಸ್‌ಮಸ್ಸಿಗೆ 75 ನೆವ್ರಿಯನ್ನು (ಕರ್ಜಿಕಾಯಿಯಂಥ ಸಿಹಿ ತಿಂಡಿ) 8 ತಟ್ಟೆಗೆ ಹಂಚಿದಾಗ ಒಂದೊಂದಕ್ಕೆ 9, ಉಳಿದದ್ದು 3. ಇಲ್ಲಿ ಒಂಬತ್ತನೇ ತಟ್ಟೆ ಬೇಕಾಗಿಲ್ಲ. ಎರಡು ಕಡೆಯೂ ಶೇಷ ಉಳಿಯಿತು, ಆದರೆ ಅದರ ಅರ್ಥ ಬೇರೆ ಬೇರೆ. ಮಕ್ಕಳು ಇದರ ಬಗ್ಗೆ ಜಗಳವಾಡುವಷ್ಟು ಮಾತಾಡಿದರು.

ಒಗಟಿಗೆ ಶೇಷವನ್ನೇ ಕೀಲಿ ಮಾಡಲೂಬಹುದು. ಎಲ್ಲ ಲೆಕ್ಕಕ್ಕೂ ಭಾಜಕ 7 ಇಟ್ಟರೆ ಶೇಷ 0ರಿಂದ 6ರವರೆಗೆ ಮಾತ್ರ, ಏಳು ಅಕ್ಷರ ಸಾಕು. ‘ಗೂಡುದೀಪ’ಕ್ಕೆ ನಾಲ್ಕೇ ಬೇಕು. ಯಾರಿಗಾದರೂ ಶೇಷ 9 ಬಂದರೆ ಪಟ್ಟಿಯಲ್ಲಿ ಆ ಸಂಖ್ಯೆಯೇ ಇರುವುದಿಲ್ಲ. ಇನ್ನೊಂದು ಸಲ ಹಂಚಬಹುದಿತ್ತು ಅಂತ ಆಗ ಗೊತ್ತಾಗುತ್ತದೆ.

ಪಿಡಿಎಫ್‌ನಲ್ಲಿರುವ ಬಣ್ಣ ಹಚ್ಚುವ ಹಾಳೆಗಳು ಮನೆಗೆ ಕೊಡಲು ಒಳ್ಳೆಯದು. 40 ನಿಮಿಷದ ಪೀರಿಯಡ್‌ನಲ್ಲಿ ಲೆಕ್ಕಕ್ಕಿಂತ ಬಣ್ಣಕ್ಕೇ ಜಾಸ್ತಿ ಸಮಯ ಹೋಗುತ್ತದೆ. ಜೆರಾಕ್ಸ್ ಮಾಡಿಸುವಾಗ ಹುಲಿಯ ಹಾಳೆಯನ್ನು ಮೊದಲು ಒಂದು ಪ್ರತಿ ತೆಗೆಸಿ ನೋಡಿ. ಪಟ್ಟೆಗಳ ಮೇಲಿನ ಸಂಖ್ಯೆ ಕಪ್ಪಾಗಿ ಹೋಗುತ್ತದೆ. ಸೆಪ್ಟೆಂಬರ್ 8ರಂದು ಕ್ರೈಸ್ತರು ಆಚರಿಸುವ ಮೊಂತಿ ಹಬ್ಬಕ್ಕೂ ಈದ್‌ಗೂ ಇದರಲ್ಲಿ ಹಾಳೆ ಇಲ್ಲ. ನಮ್ಮೂರಿನ ಒಂದು ಕ್ಲಾಸಿನಲ್ಲಿ ಇವೆರಡನ್ನೂ ಆಚರಿಸುವ ಮಕ್ಕಳು ಇದ್ದೇ ಇರುತ್ತಾರೆ. ಮುಂದಿನ ಆವೃತ್ತಿಯಲ್ಲಿ ಸೇರಿಸಿ ಅಂತ ಬರೆದು ಕಳಿಸಿದ್ದೇನೆ.