ಗ್ಲೋಬ್ ಥಿಯೇಟರಿನ ನಿಲ್ಲುವ ಟಿಕೆಟ್: ಮ್ಯಾಕ್‌ಬೆತ್ ಓದುವ ಮಕ್ಕಳನ್ನು ಇಲ್ಲಿಗೆ ಕರೆದುಕೊಂಡು ಹೋಗಿ

ಮೊದಲೇ ಹೇಳಿಬಿಡುತ್ತೇನೆ. ಲಂಡನ್ನಿನ ಶೇಕ್ಸ್‌ಪಿಯರ್ಸ್ ಗ್ಲೋಬಿಗೆ ಮಕ್ಕಳ ಜೊತೆ ಹೋಗುವವರು ಕೂರುವ ಟಿಕೆಟ್ ತೆಗೆದುಕೊಳ್ಳಬೇಡಿ. ವೇದಿಕೆಯ ಮುಂದೆ ಆಕಾಶಕ್ಕೆ ತೆರೆದ ಒಂದು ಅಂಗಳವಿದೆ. ಅಲ್ಲಿ ಸುಮಾರು 700 ಜನ ನಿಂತು ನಾಟಕ ನೋಡಬಹುದು. ಆ ಟಿಕೆಟ್ 5 ಪೌಂಡಿನಿಂದ ಶುರು, ದಿನ ನೋಡಿಕೊಂಡು ಸ್ವಲ್ಪ ಹೆಚ್ಚೂ ಇರುತ್ತದೆ. ದುಡ್ಡು ಉಳಿಯುವುದು ಇರಲಿ, ಇಡೀ ಥಿಯೇಟರಿನಲ್ಲಿ ನಾಟಕ ಅರ್ಥವಾಗುವ ಜಾಗ ಅಂದರೆ ಅದೇ.

ನಾವು ಹೋಗಿದ್ದು ಪರೀಕ್ಷೆಯ ದೆಸೆಯಿಂದ. ನನ್ನ ಮಗಳಿಗೆ ಈಗ ಜಿಸಿಎಸ್‌ಇ, ಅಂದರೆ ಇಂಗ್ಲೆಂಡಿನ ಮಕ್ಕಳು ಹದಿನಾರರ ಹೊತ್ತಿಗೆ ಬರೆಯುವ ಪರೀಕ್ಷೆ. ಇಲ್ಲಿ ಇಂಗ್ಲಿಷ್ ಸಾಹಿತ್ಯ ಓದುವ ಮಕ್ಕಳು ಶೇಕ್ಸ್‌ಪಿಯರನ ಒಂದು ನಾಟಕವನ್ನಾದರೂ ಪೂರ್ತಿ ಓದಲೇಬೇಕು. ಪರೀಕ್ಷೆಗೆ ಪುಸ್ತಕ ಒಯ್ಯುವ ಹಾಗಿಲ್ಲ. ಅವಳ ಪ್ರಶ್ನೆಪತ್ರಿಕೆಯಲ್ಲಿ ನಾಟಕದ ಒಂದು ತುಣುಕು ಅಚ್ಚು ಹಾಕಿರುತ್ತಾರೆ, ಅದನ್ನು ಹಿಡಿದುಕೊಂಡು ಇಡೀ ನಾಟಕದ ಬಗ್ಗೆ ಬರೆಯಬೇಕು. ಹಾಗಾಗಿ ಮಕ್ಕಳು ಸಾಲುಗಳನ್ನು ಉರು ಹೊಡೆಯುತ್ತಾರೆ. ಅವಳದು ಮ್ಯಾಕ್‌ಬೆತ್: ಮಾಟಗಾತಿಯರ ಭವಿಷ್ಯ ನಂಬಿ, ಹೆಂಡತಿಯ ಮಾತು ಕೇಳಿ, ತನ್ನ ರಾಜನನ್ನೇ ಕೊಂದು ಪಟ್ಟಕ್ಕೇರುವ ಸ್ಕಾಟ್ಲೆಂಡಿನ ಸೇನಾನಿಯ ಕಥೆ. ನಮ್ಮ ಊಟದ ಮೇಜಿನ ತುಂಬ ಮ್ಯಾಕ್‌ಬೆತ್ ಕಾರ್ಡುಗಳು. ಹಳದಿ ಬಣ್ಣದ್ದು ಮಹತ್ವಾಕಾಂಕ್ಷೆಗೆ, ಗುಲಾಬಿ ಪಾಪಪ್ರಜ್ಞೆಗೆ, ಹಸಿರು ಮಾಟಗಾತಿಯರಿಗೆ. ಬರೆದು ಅಭ್ಯಾಸ ಮಾಡಿದ ಉತ್ತರಗಳಲ್ಲೆಲ್ಲ ಒಂದು ವಾಕ್ಯ ಇದ್ದೇ ಇರುತ್ತಿತ್ತು: ಜಾಕೋಬಿಯನ್ ಪ್ರೇಕ್ಷಕರು ಇದನ್ನು ನೋಡಿ ಬೆಚ್ಚಿಬೀಳುತ್ತಿದ್ದರು. ಯಾರೇ ಆ ಪ್ರೇಕ್ಷಕರು ಅಂತ ಕೇಳಿದರೆ, "ಆಗಿನ ಕಾಲದ ಜನ, ಅಮ್ಮಾ" ಅಂತ ಹೇಳಿ ಮುಂದಿನ ಕಾರ್ಡು ತೆಗೆಯುತ್ತಿದ್ದಳು.

ಆ ಪ್ರೇಕ್ಷಕರು, ಅಂದರೆ ರಾಜ ಜೇಮ್ಸ್ ಕಾಲದ ಲಂಡನ್ನಿನ ಜನ, ಎಲ್ಲಿ ನಿಂತಿದ್ದರು, ಏನು ನೋಡಿದರು ಅನ್ನುವುದು ಈ ಅಂಗಳದಲ್ಲಿ ಕಾಲಿಗೇ ಗೊತ್ತಾಗುತ್ತದೆ. ಆಗ ಒಂದು ಪೆನ್ನಿ ಕೊಟ್ಟವರು ಇಂಥದ್ದೇ ಅಂಗಳದಲ್ಲಿ ನಿಲ್ಲುತ್ತಿದ್ದರು.

ಕಟ್ಟಡದ ವಿಷಯ ಬೇಗ ಹೇಳುತ್ತೇನೆ. ಥೇಮ್ಸ್ ನದಿಯ ದಕ್ಷಿಣ ದಡದ ಬ್ಯಾಂಕ್‌ಸೈಡಿನಲ್ಲಿದೆ. ಸೇಂಟ್ ಪಾಲ್ಸ್ ಕಡೆಯಿಂದ ಬಂದರೆ ಮಿಲೆನಿಯಂ ಸೇತುವೆ ದಾಟಿದ ಕೂಡಲೇ ಸಿಗುತ್ತದೆ. ಮೂಲ ಗ್ಲೋಬ್ ಕಟ್ಟಿದ್ದು 1599ರಲ್ಲಿ, ಈಗಿನ ಜಾಗದಿಂದ 200 ಮೀಟರ್ ಚಿಲ್ಲರೆ ದೂರದಲ್ಲಿ. 1613ರಲ್ಲಿ ನಾಟಕದ ನಡುವೆ ಹಾರಿಸಿದ ಫಿರಂಗಿಯ ಕಿಡಿ ಹುಲ್ಲಿನ ಮಾಡಿಗೆ ತಾಗಿ ಸುಟ್ಟುಹೋಯಿತು. ಮರುವರ್ಷವೇ ಮತ್ತೆ ಕಟ್ಟಿದರು. 1642ರಲ್ಲಿ ಸಂಸತ್ತು ನಾಟಕಗಳನ್ನೇ ನಿಲ್ಲಿಸಿದಾಗ ಬಾಗಿಲು ಮುಚ್ಚಿತು. ಈಗಿನದು ಹಳೆಯದರ ಮಾದರಿಯಲ್ಲೇ ಮತ್ತೆ ಕಟ್ಟಿ 1997ರಲ್ಲಿ ತೆರೆದದ್ದು. ಅದಕ್ಕಾಗಿ ವರ್ಷಗಟ್ಟಲೆ ಓಡಾಡಿದ ಅಮೆರಿಕದ ನಟ ಸ್ಯಾಮ್ ವಾನಮೇಕರ್ 1993ರಲ್ಲೇ ತೀರಿಕೊಂಡರು. ಮುಗಿದದ್ದನ್ನು ನೋಡಲು ಅವರಿಲ್ಲ ಅನ್ನುವುದು ನನಗೆ ಪ್ರತಿ ಸಲ ಮನಸ್ಸಿಗೆ ಬರುತ್ತದೆ. ಓಕ್ ಮರದ ತೊಲೆ, ಸುಣ್ಣದ ಗೋಡೆ, ಹುಲ್ಲಿನ ಮಾಡು. 1666ರ ದೊಡ್ಡ ಬೆಂಕಿಯ ನಂತರ ಲಂಡನ್ನಿನಲ್ಲಿ ಹುಲ್ಲಿನ ಮಾಡಿಗೆ ಒಪ್ಪಿಗೆ ಸಿಕ್ಕಿದ್ದು ಈ ಕಟ್ಟಡಕ್ಕೇ ಮೊದಲು.

ನಾವು ಮಧ್ಯಾಹ್ನದ ಆಟಕ್ಕೆ ಹೋದೆವು. ಬೇಗ ಹೋದದ್ದರಿಂದ ವೇದಿಕೆಗೆ ಅಂಟಿಕೊಂಡೇ ಜಾಗ ಸಿಕ್ಕಿತು. ವೇದಿಕೆ ಮಗಳ ಗಲ್ಲದ ಮಟ್ಟಕ್ಕಿತ್ತು, ಮೊಣಕೈ ಊರಿಕೊಂಡು ನಿಲ್ಲಬಹುದು. ಮೂರು ಕಡೆಯಿಂದಲೂ ಜನ, ಮೇಲೆ ಬಯಲು. ಬಯಲಾಟ ನೋಡಿ ಬೆಳೆದವರಿಗೆ ಈ ಏರ್ಪಾಡು ತಟ್ಟನೆ ಹಿಡಿಸುತ್ತದೆ. ನಟರಿಗೆ ನಾವು ಕಾಣುತ್ತೇವೆ, ನಮಗೆ ಎದುರು ಬದಿಯ ಜನರ ಮುಖ ಕಾಣುತ್ತದೆ.

ಮ್ಯಾಕ್‌ಬೆತ್‌ಗೆ ಗಾಳಿಯಲ್ಲಿ ಚಾಕು ಕಾಣುವ ಮಾತು ಎಲ್ಲರಿಗೂ ಗೊತ್ತು. ಗುಲಾಬಿ ಕಾರ್ಡಿನಲ್ಲೂ ಇತ್ತು. ಪುಸ್ತಕದಲ್ಲಿ ಅವನು ತನ್ನಷ್ಟಕ್ಕೆ ಮಾತಾಡಿಕೊಂಡ ಹಾಗೆ ಅನ್ನಿಸುತ್ತದೆ. ಆದರೆ ಅದು ಶುರುವಾಗುವುದೇ ಪ್ರಶ್ನೆಯಿಂದ ಅಲ್ವಾ? ಕಣ್ಣೆದುರು ಕಾಣುತ್ತಿರುವುದು ಚಾಕುವೇ ಅಂತ ಅವನು ಕೇಳುತ್ತಾನೆ. ನಟ ವೇದಿಕೆಯ ಅಂಚಿಗೆ ಬಂದು ಅದನ್ನು ನಮ್ಮನ್ನೇ ಕೇಳಿದ. ಕೇಳಿ, ಉತ್ತರಕ್ಕೆ ಕಾಯುವವನ ಹಾಗೆ ಒಂದು ಗಳಿಗೆ ನಿಂತ. ನನ್ನ ಮಗಳು ತನಗೇ ಗೊತ್ತಿಲ್ಲದೆ ಇಲ್ಲ ಅಂತ ತಲೆ ಆಡಿಸಿದಳು. ಅವನು ಅದನ್ನು ನೋಡಿದ, ನೋಡಿಯೂ ಮುಂದುವರಿದ. ಆಮೇಲೆ ಅವಳು ಹೇಳಿದ್ದು: "ಅಮ್ಮಾ, ಅವನಿಗೆ ಬೇಡ ಅನ್ನೋಕೆ ನಮಗೊಂದು ಚಾನ್ಸ್ ಕೊಟ್ಟ. ಆದ್ರೂ ಕೇಳಲಿಲ್ಲ." ಆ ಸ್ವಗತದ ಬಗ್ಗೆ ಇಷ್ಟು ನೇರವಾದ ಮಾತನ್ನು ನಾನು ಯಾವ ಗೈಡಿನಲ್ಲೂ ಓದಿಲ್ಲ.

ಇನ್ನೊಂದು ವಿಷಯ ಹಗಲು ಬೆಳಕಿನಲ್ಲೇ ಹೊಳೆಯಿತು. ಈ ನಾಟಕದ ತುಂಬ ಕತ್ತಲು. ನಕ್ಷತ್ರಗಳೇ, ನಿಮ್ಮ ಬೆಂಕಿ ಅಡಗಿಸಿಕೊಳ್ಳಿ ಅನ್ನುತ್ತಾನೆ ಮ್ಯಾಕ್‌ಬೆತ್. ದಟ್ಟ ರಾತ್ರಿಯೇ ಬಾ ಅನ್ನುತ್ತಾಳೆ ಅವನ ಹೆಂಡತಿ. ಕಾಗೆ ಗೂಡಿಗೆ ಹಾರುವುದು, ಚಂದ್ರ ಮುಳುಗಿರುವುದು, ಹೀಗೆ ಮಾತು ಮಾತಿಗೂ ಇರುಳು. ಇದೆಲ್ಲ ಪ್ರತಿಮೆ, ಕೆಡುಕಿನ ಸಂಕೇತ ಅಂತ ತರಗತಿಯಲ್ಲಿ ಹೇಳುತ್ತಾರೆ, ಅದು ಸರಿಯೇ. ಆದರೆ ಗ್ಲೋಬಿನಲ್ಲಿ ಆಟ ನಡೆಯುತ್ತಿದ್ದದ್ದು ಮಧ್ಯಾಹ್ನ. ಆರಿಸೋಕೆ ದೀಪವೇ ಇರಲಿಲ್ಲ. ಬಿಸಿಲಿನಲ್ಲಿ ನಿಂತ ಜನಕ್ಕೆ ನಡುರಾತ್ರಿಯನ್ನು ಮಾತಿನಿಂದಲೇ ತೋರಿಸಬೇಕಿತ್ತು. ಆ ಸಾಲುಗಳು ಅಲಂಕಾರಕ್ಕೆ ಬಂದವಲ್ಲ, ಕೆಲಸಕ್ಕೆ ಬಂದವು. ಮೋಡ ಸರಿದು ವೇದಿಕೆ ಮೇಲೆ ಬಿಸಿಲು ಬಿದ್ದಾಗಲೂ ಮಕ್ಕಳೆಲ್ಲ ಕತ್ತಲಲ್ಲಿ ಇಣುಕುವವರ ಹಾಗೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

ಕೊಲೆಯಾದ ಮೇಲೆ ಬಾಗಿಲು ಕಾಯುವವನ ದೃಶ್ಯ ಬರುತ್ತದೆ. ಪರೀಕ್ಷೆಗೆ ಓದುವಾಗ ಮಕ್ಕಳು ಹಾರಿಸಿಬಿಡುವುದು ಇದನ್ನೇ. ಒಳಗೆ ರಾಜ ಡಂಕನ್ ಸತ್ತು ಬಿದ್ದಿದ್ದಾನೆ, ಹೊರಗೆ ಯಾರೋ ದಬದಬ ಬಾಗಿಲು ಬಡಿಯುತ್ತಿದ್ದಾರೆ. ಕುಡಿದ ಅಮಲಿನಲ್ಲಿರುವ ಈ ಮನುಷ್ಯ ತಾನು ನರಕದ ಬಾಗಿಲು ಕಾಯುವವನು ಅಂದುಕೊಂಡು ತಮಾಷೆ ಮಾಡುತ್ತಾನೆ. ಅಂಗಳ ಹೋ ಅಂತ ನಕ್ಕಿತು. ನಗುತ್ತಿದ್ದ ಹಾಗೇ ಒಳಗೆ ಹೆಣವಿದೆ ಅನ್ನುವುದು ನೆನಪಾಗಿ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಪಕ್ಕದವರ ನಗು ಕಿವಿಗೆ ಬೀಳುವಾಗ ಅದು ಇನ್ನೂ ಜಾಸ್ತಿ.

ಶೇಕ್ಸ್‌ಪಿಯರ್ ಸತ್ತದ್ದು 1616ರಲ್ಲಿ. 400 ವರ್ಷ ದಾಟಿದ ಮೇಲೂ ಈಗಿನ ಮಕ್ಕಳು ಅವನನ್ನು ಯಾಕೆ ಓದಬೇಕು ಅಂತ ಅಪ್ಪ ಅಮ್ಮಂದಿರು ನನ್ನನ್ನು ಕೇಳುತ್ತಾರೆ. ನಾನು ಮ್ಯಾಕ್‌ಬೆತ್‌ನ ಜೊತೆಗಾರ ಸೇನಾನಿ ಬ್ಯಾಂಕ್ವೋನನ್ನು ತೋರಿಸುತ್ತೇನೆ. ಮಾಟಗಾತಿಯರು ಭವಿಷ್ಯ ಹೇಳುವುದು ಒಬ್ಬನಿಗಲ್ಲ, ಇಬ್ಬರಿಗೆ. ಮ್ಯಾಕ್‌ಬೆತ್‌ನ ಪಕ್ಕದಲ್ಲೇ ನಿಂತು ಬ್ಯಾಂಕ್ವೋ ಕೂಡ ಎಲ್ಲ ಕೇಳಿಸಿಕೊಳ್ಳುತ್ತಾನೆ. ಅವರು ಹೇಳಿದ್ದರಲ್ಲಿ ಒಂದು ಚಿಕ್ಕ ಮಾತು ಕೂಡಲೇ ನಿಜವಾಗುತ್ತದೆ. ಆಗ ಅವನು ಎಚ್ಚರಿಸುತ್ತಾನೆ: ಕೆಟ್ಟ ಶಕ್ತಿಗಳು ಚಿಕ್ಕಪುಟ್ಟ ನಿಜ ಹೇಳಿ ನಂಬಿಸುತ್ತವೆ, ದೊಡ್ಡ ವಿಷಯದಲ್ಲಿ ಕೈಕೊಡುತ್ತವೆ. ಹದಿನೈದು ಹದಿನಾರರ ಹುಡುಗ ಹುಡುಗಿಯರ ಕೈಯಲ್ಲಿರುವ ಫೋನು ದಿನಾ ಮಾಡುವುದು ಇದನ್ನೇ ಅಲ್ವಾ? ಮೊದಲು ಅವರಿಗೆ ಹಿಡಿಸುವ ಒಂದೆರಡು ನಿಜ, ಆಮೇಲೆ ಅದರ ಬೆನ್ನಿಗೆ ಏನು ಬೇಕಾದರೂ. ಇದನ್ನು ನಾನು ಹೇಳಿಕೊಟ್ಟಿರಲಿಲ್ಲ. ವಿರಾಮದಲ್ಲಿ ಐಸ್‌ಕ್ರೀಮ್ ತಿನ್ನುತ್ತಾ ಮಗಳೂ ಅವಳ ಗೆಳತಿಯೂ ತಾವೇ ಮಾತಾಡಿಕೊಂಡರು. ಗೆಳತಿ ಕೇಳಿದ ಪ್ರಶ್ನೆ ಇನ್ನೂ ಚೆನ್ನಾಗಿತ್ತು. ಅಷ್ಟು ಗೊತ್ತಿದ್ದ ಬ್ಯಾಂಕ್ವೋ, ಕೊಲೆಯಾದ ಮೇಲೆ ಅನುಮಾನ ಬಂದರೂ ಯಾಕೆ ಸುಮ್ನೆ ಇದ್ದ? ಅವನ ವಂಶದವರು ರಾಜರಾಗುತ್ತಾರೆ ಅಂತ ಅವನಿಗೂ ಹೇಳಿದ್ದ ಭವಿಷ್ಯ ನಿಜವಾಗಲಿ ಅಂತ ಆಸೆ ಇತ್ತಾ?

ಇದಕ್ಕೆ ಒಂದು ಮಾತು ಸೇರಿಸುತ್ತೇನೆ, ಪರೀಕ್ಷೆ ಬರೆಯುವವರಿಗೂ ಉಪಯೋಗಕ್ಕೆ ಬರುತ್ತದೆ. ಶೇಕ್ಸ್‌ಪಿಯರ್ ಕಥೆ ಎತ್ತಿಕೊಂಡದ್ದು ಹಾಲಿನ್‌ಶೆಡ್ ಅನ್ನುವವನ ಇತಿಹಾಸ ಪುಸ್ತಕದಿಂದ. ಅದರಲ್ಲಿ ಬ್ಯಾಂಕ್ವೋ ಕೊಲೆಯಲ್ಲಿ ಪಾಲುದಾರ. ಆದರೆ ನಾಟಕ ಬರೆಯುವ ಹೊತ್ತಿಗೆ, ಅಂದರೆ 1606ರ ಸುಮಾರಿಗೆ, ಸಿಂಹಾಸನದ ಮೇಲಿದ್ದವನು ಜೇಮ್ಸ್. ಅವನ ವಂಶ ಬ್ಯಾಂಕ್ವೋನಿಂದ ಬಂದದ್ದು ಅಂತ ಆಗ ನಂಬಿಕೆ. ಶೇಕ್ಸ್‌ಪಿಯರನ ತಂಡ 1603ರಿಂದಲೇ ರಾಜನ ತಂಡ. ರಾಜನ ಹಿರಿಯನನ್ನು ಕೊಲೆಗಾರ ಅಂತ ತೋರಿಸುವುದು ಹೇಗೆ? ಅದಕ್ಕೆ ಬ್ಯಾಂಕ್ವೋ ನಾಟಕದಲ್ಲಿ ಒಳ್ಳೆಯವನಾದ. ಆದರೂ ಅವನ ಮೌನವನ್ನು ಶೇಕ್ಸ್‌ಪಿಯರ್ ಹಾಗೇ ಉಳಿಸಿಕೊಂಡ. ಆ ಹುಡುಗಿ ಹಿಡಿದದ್ದು ಅದನ್ನೇ.

ಮುಂದೆ ಮ್ಯಾಕ್‌ಬೆತ್ ಬ್ಯಾಂಕ್ವೋನನ್ನೂ ಕೊಲ್ಲಿಸುತ್ತಾನೆ. ಊಟದ ಮನೆಗೆ ಬ್ಯಾಂಕ್ವೋನ ದೆವ್ವ ಬರುವ ದೃಶ್ಯಕ್ಕೆ ಒಬ್ಬ ಸಾಕ್ಷಿಯೂ ಇದ್ದಾನೆ. ಸೈಮನ್ ಫೋರ್ಮನ್ ಅನ್ನುವ ವೈದ್ಯ, ಜ್ಯೋತಿಷ್ಯವನ್ನೂ ಹೇಳುತ್ತಿದ್ದ. 1611ರಲ್ಲಿ ಗ್ಲೋಬಿನಲ್ಲೇ ಮ್ಯಾಕ್‌ಬೆತ್ ನೋಡಿ ಬರೆದಿಟ್ಟಿದ್ದಾನೆ. ಮ್ಯಾಕ್‌ಬೆತ್ ಬ್ಯಾಂಕ್ವೋನ ಹೆಸರಿನಲ್ಲಿ ಕುಡಿಯಲು ಎದ್ದು ನಿಂತಾಗ ದೆವ್ವ ಬಂದು ಅವನ ಕುರ್ಚಿಯಲ್ಲಿ ಕೂತಿತು, ಅವನು ಕೂರಲು ತಿರುಗಿದಾಗ ಕಂಡಿತು ಅಂತ ವಿವರ ಕೊಡುತ್ತಾನೆ. ಮಗಳ ಕಾರ್ಡುಗಳ ಜಾಕೋಬಿಯನ್ ಪ್ರೇಕ್ಷಕ ಅಂದರೆ ಇವನು, ಹೆಸರಿರುವ, ಕುರ್ಚಿ ಎಲ್ಲಿತ್ತು ಅಂತ ನೆನಪಿಟ್ಟುಕೊಂಡ ಮನುಷ್ಯ. ಮನೆಗೆ ಬಂದ ಮೇಲೆ ಅವಳು ಆ ಹಳೆ ವಾಕ್ಯ ಹೊಡೆದುಹಾಕಿ ಫೋರ್ಮನ್ ಹೆಸರು ಬರೆದುಕೊಂಡಳು.

ಈಗ ಕಷ್ಟಗಳು. ಎರಡೂವರೆ ಮೂರು ಗಂಟೆ ನಿಲ್ಲಬೇಕಾಗಬಹುದು. ಆಟ ನಡೆಯುವಾಗ ಅಂಗಳದಲ್ಲಿ ನೆಲಕ್ಕೆ ಕೂರಲು ಬಿಡುವುದಿಲ್ಲ. ಮಳೆ ಬಂದರೂ ಆಟ ನಿಲ್ಲುವುದಿಲ್ಲ, ಕೊಡೆ ಬಿಡಿಸುವಂತಿಲ್ಲ. ಹಿಂದಿನವರಿಗೆ ಕಾಣಬೇಕಲ್ಲ, ನಿಯಮ ಸರಿಯಾಗೇ ಇದೆ. ಟೋಪಿ ಇರುವ ಮಳೆಕೋಟು, ಮೆತ್ತನೆ ಶೂ ಹಾಕಿಕೊಳ್ಳಿ. ತಲೆ ಮೇಲೆ ಆಗಾಗ ವಿಮಾನ, ಹೆಲಿಕಾಪ್ಟರ್ ಹೋಗುತ್ತವೆ. ವೇದಿಕೆಯ ಎರಡು ದಪ್ಪ ಕಂಬಗಳು ಎಲ್ಲಿ ನಿಂತರೂ ಒಂದಿಷ್ಟು ಮರೆ ಮಾಡುತ್ತವೆ. ಆದರೆ ಅಂಗಳದಲ್ಲಿರುವವರು ಎರಡು ಹೆಜ್ಜೆ ಸರಿಯಬಹುದು, ಮೇಲೆ ಕೂತವರಿಗೆ ಆ ಅನುಕೂಲ ಇಲ್ಲ. ಮಂಡಿನೋವು ಇರುವವರು, ಹಿರಿಯರು ಕೂರುವ ಟಿಕೆಟ್ಟೇ ತೆಗೆದುಕೊಳ್ಳಿ. ಬೆಂಚುಗಳು ಬರೀ ಮರದವು, ದಿಂಬು ಬಾಡಿಗೆಗೆ ಸಿಗುತ್ತದೆ, ಅದಕ್ಕೆ ಜಿಪುಣತನ ಮಾಡಬೇಡಿ. ತೀರಾ ಚಿಕ್ಕ ಮಕ್ಕಳಿಗೆ ಅಂಗಳದಿಂದ ಏನೂ ಕಾಣುವುದಿಲ್ಲ.

ಕಥೆ ಗೊತ್ತಿಲ್ಲದೆ ಬಂದರೆ ಮೊದಲ ಅರ್ಧ ಗಂಟೆ ಭಾಷೆ ತಲೆಗೆ ಹತ್ತುವುದು ಕಷ್ಟ. ಹಿಂದಿನ ರಾತ್ರಿ ಕಥೆಯನ್ನು ಕನ್ನಡದಲ್ಲೇ ಹೇಳಿ ಕರೆದುಕೊಂಡು ಬನ್ನಿ, ಸಾಕು. ಹೆಂಗಸರು ಗಂಡು ಪಾತ್ರ ಮಾಡುತ್ತಾರೆ, ಈಗಿನ ಕಾಲದ ಬಟ್ಟೆ ಹಾಕುತ್ತಾರೆ ಅಂತ ಕೆಲವು ಅಪ್ಪ ಅಮ್ಮಂದಿರು ಬೇಸರ ಮಾಡಿಕೊಳ್ಳುತ್ತಾರೆ. ಶೇಕ್ಸ್‌ಪಿಯರನ ಕಾಲದಲ್ಲಿ ಲೇಡಿ ಮ್ಯಾಕ್‌ಬೆತ್ ಪಾತ್ರ ಮಾಡುತ್ತಿದ್ದವನು ಹುಡುಗ. ಅವರೂ ತಮ್ಮ ಕಾಲದ ಬಟ್ಟೆಯಲ್ಲೇ ಆಡುತ್ತಿದ್ದರು. ನನಗೆ ಅದರಲ್ಲಿ ತಪ್ಪೇನೂ ಕಾಣಲಿಲ್ಲ.

ಸರ್ಕಾರಿ ಸೆಕೆಂಡರಿ ಶಾಲೆಯ ಮಕ್ಕಳಿದ್ದರೆ ಟೀಚರನ್ನು ಒಂದು ಮಾತು ಕೇಳಿ. ಬ್ಯಾಂಕೊಂದರ ನೆರವಿನಿಂದ 2007ರಿಂದ ಗ್ಲೋಬ್ ಹದಿಹರೆಯದವರಿಗಾಗಿಯೇ ಚಿಕ್ಕದು ಮಾಡಿದ ನಾಟಕ ಆಡುತ್ತಾ ಬಂದಿದೆ. ಲಂಡನ್ ಮತ್ತು ಬರ್ಮಿಂಗ್‌ಹ್ಯಾಮ್‌ನ ಇಂಥ ಶಾಲೆಗಳಿಗೆ ಉಚಿತ ಟಿಕೆಟ್ ಇಟ್ಟಿದ್ದಾರೆ. ಶಾಲೆಯೇ ಅರ್ಜಿ ಹಾಕಬೇಕು.

ಬಯಲಿನ ಆಟಗಳು ಹೆಚ್ಚಾಗಿ ಬೇಸಿಗೆಯ ತಿಂಗಳುಗಳಲ್ಲಿ. ಚಳಿಗಾಲದಲ್ಲಿ ಪಕ್ಕದಲ್ಲೇ ಮೇಣದಬತ್ತಿ ಬೆಳಕಿನ ಒಳಾಂಗಣ ರಂಗಮಂದಿರವಿದೆ, 2014ರಲ್ಲಿ ತೆರೆದದ್ದು. ಅದೂ ಚಂದ, ಆದರೆ ಟಿಕೆಟ್ ದುಬಾರಿ. ಮೊದಲ ಸಲ ಬರುವ ಮಕ್ಕಳಿಗೆ ಅಂಗಳವೇ ಸರಿ. ಇನ್ನೂ ಜಿಸಿಎಸ್‌ಇ ಮುಟ್ಟದ ಮಕ್ಕಳಿದ್ದರೆ ಮ್ಯಾಕ್‌ಬೆತ್‌ಗಿಂತ ಮೊದಲು ಒಂದು ಹಾಸ್ಯ ನಾಟಕ ತೋರಿಸಿ. ಬಾಗಿಲು ತೆರೆಯುವ ಮೊದಲೇ ಸಾಲಿನಲ್ಲಿ ನಿಂತು, ಒಳಗೆ ಬಿಟ್ಟ ಕೂಡಲೇ ನೇರ ವೇದಿಕೆಯ ಮೂಲೆಗೆ ಹೋಗಿ. ಅಲ್ಲಿಂದ ಕಂಬ ಅಷ್ಟಾಗಿ ಅಡ್ಡ ಬರುವುದಿಲ್ಲ, ಬೆನ್ನು ನೋವು ಬಂದಾಗ ವೇದಿಕೆಗೇ ಒರಗಬಹುದು.