ಕೈ ನೋವು ಬಂತು, ಬೆಳಕು ಬರಲಿಲ್ಲ

ಮೊನ್ನೆ ತಂಗಿ ಫೋನ್ ಮಾಡಿದ್ದಳು. "ಅಕ್ಕ, ಹಿಡಿಕೆ ತಿರುಗಿಸಿದರೆ ಹತ್ತುವ ಟಾರ್ಚು ಬಂದಿದೆ. ಅದರಲ್ಲೇ ರೇಡಿಯೊ ಇದೆ, ಮೊಬೈಲೂ ಚಾರ್ಜ್ ಆಗುತ್ತದಂತೆ. ಮಳೆಗಾಲಕ್ಕೆ ಒಂದು ತರಿಸಿಬಿಡಲೇ?" ಎಂದಳು. ಅವಳು ಕಳಿಸಿದ ಚಿತ್ರ ನೋಡಿದೆ. ಹೆಸರು ಬೇರೆ, ಬಣ್ಣ ಬೇರೆ. ಡಬ್ಬಿ ಮಾತ್ರ ಅದೇ. 2021ರಲ್ಲಿ ನಾನು 1,899 ರೂಪಾಯಿ ಸುರಿದು ತರಿಸಿದ ಕಿತ್ತಳೆ ಬಣ್ಣದ ಡಬ್ಬಿಯ ಅವಳಿ ಸಹೋದರಿ. ಅವಳಿಗೆ ಹೇಳಿದ್ದನ್ನೇ ಇಲ್ಲಿಯೂ ಬರೆಯುತ್ತಿದ್ದೇನೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆಯ ಕಡೆಗೆ, ಮೂರು ದಿಕ್ಕಿಗೂ ಗುಡ್ಡವಿರುವ ಒಂಟಿ ಮನೆ. 2019ರ ಆಗಸ್ಟ್‌ನಲ್ಲಿ ಆಶ್ಲೇಷ ಮಳೆ ಹಿಡಿದಾಗ ಎಂಟು ದಿನ ಕರೆಂಟಿರಲಿಲ್ಲ. ಮೊದಲ ರಾತ್ರಿಯೇ ಇನ್ವರ್ಟರ್ ಮಲಗಿತು, ಮರುದಿನ ಮೊಬೈಲ್ ಟವರೂ ಮಲಗಿತು. ಲೈನ್‌ಮನ್‌ಗಳನ್ನು ದೂರುವ ಹಾಗಿಲ್ಲ. ಪಾಪ, ಒಂದು ಮರ ಕಡಿದು ತಂತಿ ಎಳೆಯುವಷ್ಟರಲ್ಲಿ ಮುಂದಿನ ತಿರುವಿನಲ್ಲಿ ಇನ್ನೊಂದು ಬೀಳುತ್ತಿತ್ತು. ಆಗಲೇ ನನ್ನ ತಲೆಯಲ್ಲಿ ಕೂತದ್ದು, ಕರೆಂಟನ್ನೂ ಸೆಲ್ಲನ್ನೂ ನೆಚ್ಚದ ಒಂದು ವಸ್ತು ಮನೆಯಲ್ಲಿರಬೇಕು ಎಂದು. ಕೈಯೊಂದಿದ್ದರೆ ಸಾಕು ಎಂಬ ಜಾಹೀರಾತಿನ ಮಾತಿಗೆ ಮರುಳಾಗಲು ಇದಕ್ಕಿಂತ ಬೇರೆ ಸಿದ್ಧತೆ ಬೇಕೇ?

ಮೇ ತಿಂಗಳಲ್ಲಿ ಡಬ್ಬಿ ಬಂತು. ಕರೆಂಟಿನಿಂದ ಚಾರ್ಜ್ ಮಾಡಿದೆ, ದೀಪ ಹತ್ತಿತು, ಎರಡು ಸುತ್ತು ತಿರುಗಿಸಿದಾಗ ಕೆಂಪು ಚುಕ್ಕಿಯೂ ಬೆಳಗಿತು. ಸಂತೋಷಪಟ್ಟು ಬೀರುವಿನಲ್ಲಿಟ್ಟೆ. ಮೊದಲ ತಪ್ಪು ಅದೇ. ಹಿಂತಿರುಗಿಸಲು ಕೊಟ್ಟಿದ್ದ ಹತ್ತು ದಿನ ಬೀರುವಿನೊಳಗೇ ಕಳೆದವು.

ಜುಲೈನಲ್ಲಿ ಪುಷ್ಯ ಮಳೆ ಸುರಿಯತೊಡಗಿತು. ಮನೆಯವರು ಉಡುಪಿಗೆ ಹೋಗಿದ್ದರು, ಘಾಟಿ ಹತ್ತಿ ಬರಬೇಕು. ಮಧ್ಯಾಹ್ನ ಕರೆಂಟು ಹೋಯಿತು. ಸಂಜೆಗೆ ನನ್ನ ಮೊಬೈಲ್‌ನಲ್ಲಿ ಶೇಕಡಾ ನಾಲ್ಕು ಉಳಿದಿತ್ತು, ಸಿಗ್ನಲ್ ಒಂದು ಕಡ್ಡಿ ಇತ್ತು. ಘಾಟಿಯಲ್ಲಿ ಗುಡ್ಡ ಜರಿದಿದೆಯೇ, ಇವರು ಹೊರಟಿದ್ದಾರೆಯೇ, ಏನೂ ತಿಳಿಯದು. ಡಬ್ಬಿ ತೆಗೆದು ತಿರುಗಿಸಲು ಕೂತೆ.

ಹಿಡಿಕೆ ಬೆರಳುದ್ದ. ನಿಮಿಷಕ್ಕೆ ನೂರಿಪ್ಪತ್ತು ಸುತ್ತು ಎಂದು ಪುಸ್ತಿಕೆಯಲ್ಲಿತ್ತು, ಅಂದರೆ ಸೆಕೆಂಡಿಗೆ ಎರಡು. ಮೊಬೈಲ್‌ಗೆ ತಂತಿ ಚುಚ್ಚಿದ ಕೂಡಲೇ ಚಾರ್ಜ್ ಚಿಹ್ನೆ ಮಿನುಗಿ ಪರದೆ ಪೂರ್ತಿ ಬೆಳಗಿತು. ಕೈ ಸ್ವಲ್ಪ ನಿಧಾನವಾದರೆ ಚಿಹ್ನೆ ಮಾಯ. ಮತ್ತೆ ಜೋರು ಮಾಡಿದರೆ ಚಿಹ್ನೆಯ ಜೊತೆಗೆ ಪರದೆಯೂ ಮತ್ತೆ ಬೆಳಗುತ್ತದೆ. ನಾನು ಹುಟ್ಟಿಸಿದ ವಿದ್ಯುತ್ತನ್ನೆಲ್ಲ ಆ ಪರದೆಯೇ ತಿಂದುಹಾಕುತ್ತಿತ್ತು. ಅರ್ಧ ಗಂಟೆಯಾದ ಮೇಲೆ ನಾಲ್ಕಿದ್ದದ್ದು ಮೂರಾಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಅತ್ತೆ, "ಕಾಫಿ ಬೀಜ ಬೀಸುವಾಗ ಇಷ್ಟು ತಿರುಗಿಸಿದ್ದರೆ ಎರಡು ಸೇರು ಪುಡಿಯಾದರೂ ಆಗುತ್ತಿತ್ತಲ್ಲೇ ಮಾರಾಯ್ತಿ" ಎಂದರು.

ಅದರ ಲೆಕ್ಕವನ್ನು ಆಮೇಲೆ ಹಾಕಿದೆ, ಕೊಳ್ಳುವ ಮೊದಲೇ ಹಾಕಬೇಕಿತ್ತು. ಅಂಥ ಪುಟ್ಟ ಹಿಡಿಕೆಯನ್ನು ಎಡೆಬಿಡದೆ ತಿರುಗಿಸಿದರೆ ಹುಟ್ಟುವುದು ಎರಡು ಮೂರು ವ್ಯಾಟ್. 5,000 ಎಂಎಎಚ್ ಮೊಬೈಲ್ ಬ್ಯಾಟರಿ ತುಂಬಲು ಸುಮಾರು 19 ವ್ಯಾಟ್-ಅವರ್ ಬೇಕು, ಅಂದರೆ ಒಂದು ವ್ಯಾಟಿನಂತೆ 19 ಗಂಟೆ. ಮೂರು ವ್ಯಾಟ್ ಎಂದೇ ಹಿಡಿದು, ದಾರಿಯಲ್ಲಿ ಒಂದು ಹನಿಯೂ ಸೋರದಿದ್ದರೆ ಆರು ಗಂಟೆಗೂ ಹೆಚ್ಚು ಕಾಲ ತಿರುಗಿಸಬೇಕು. ಸೋರದೆ ಇರುವುದಿಲ್ಲ. ಡಬ್ಬಿಯ ನೆತ್ತಿಯ ಮೇಲೆ ಬೆಂಕಿಪೆಟ್ಟಿಗೆಯಷ್ಟಗಲದ ಸೌರಫಲಕವೂ ಇದೆ. ನಡುಮಧ್ಯಾಹ್ನದ ಬಿರುಬಿಸಿಲಲ್ಲಿ ಅದು ಕಾಲು ವ್ಯಾಟ್ ಕೊಟ್ಟರೆ ಹೆಚ್ಚು. ಪುಷ್ಯ ಮಳೆಯಲ್ಲಿ ನಮ್ಮೂರಿಗೆ ಬಿಸಿಲನ್ನು ಎಲ್ಲಿಂದ ತರುವುದು?

ಮೊಬೈಲ್ ಬಿಟ್ಟು ರೇಡಿಯೊ ಹಚ್ಚಿದೆ. ಎಫ್‌ಎಂ ಬರಲಿಲ್ಲ. ಎಫ್‌ಎಂ ತರಂಗ ನೇರ ದೃಷ್ಟಿಯಲ್ಲಿ ಸಾಗುವಂಥದು, ನಡುವೆ ಗುಡ್ಡ ನಿಂತರೆ ಮುಗಿಯಿತು. ಸರಿ, ಮಧ್ಯಮ ತರಂಗದಲ್ಲಿ ಭದ್ರಾವತಿ ಆಕಾಶವಾಣಿ ಹಿಡಿಯೋಣ ಎಂದರೆ ಅಂಕಿಗಳು ಹತ್ತು ಹತ್ತಾಗಿ ಜಿಗಿಯುತ್ತಿವೆ: 660, 670, 680. ಭದ್ರಾವತಿ ಇರುವುದು 675ರಲ್ಲಿ! ನಮ್ಮ ದೇಶದಲ್ಲಿ ಮಧ್ಯಮ ತರಂಗದ ನಿಲಯಗಳ ನಡುವಿನ ಅಂತರ ಒಂಬತ್ತು ಕಿಲೋಹರ್ಟ್ಸ್. ಧಾರವಾಡದ 765, ಬೆಂಗಳೂರಿನ 612, ಮಂಗಳೂರಿನ 1089, ಎಲ್ಲವೂ ಒಂಬತ್ತರ ಮಗ್ಗಿಯೊಳಗಿನವು. ಅಮೆರಿಕದಲ್ಲಿ ಆ ಅಂತರ ಹತ್ತು. ಡಬ್ಬಿ ಆ ದೇಶಕ್ಕೆಂದು ಮಾಡಿದ್ದು. ಅದನ್ನು ಒಂಬತ್ತಕ್ಕೆ ಬದಲಿಸುವ ಗುಂಡಿ ನನ್ನದರಲ್ಲಿ ಇರಲಿಲ್ಲ. 670ರಲ್ಲೂ 680ರಲ್ಲೂ ಯಾರೋ ಬಾಯಿಗೆ ಬಟ್ಟೆ ತುರುಕಿಕೊಂಡು ಮಾತಾಡಿದಂತೆ ಕೇಳಿಸುತ್ತಿತ್ತು. ತಿರುಗಿಸುತ್ತ ಕೇಳೋಣವೆಂದರೆ ಡೈನಮೊದ ಗರಗರ ಸದ್ದು ಆ ಪಿಸುಮಾತನ್ನೂ ನುಂಗಿತು.

ಡಬ್ಬಿಯ ಮೇಲೆ 'ಡಬ್ಲ್ಯುಬಿ', ಅಂದರೆ ವೆದರ್ ಬ್ಯಾಂಡ್, ಎಂದು ದೊಡ್ಡ ಅಕ್ಷರದಲ್ಲಿ ಇನ್ನೊಂದು ಬ್ಯಾಂಡ್ ಇತ್ತು. ಚಂಡಮಾರುತದ ಮುನ್ಸೂಚನೆ ತಾನಾಗಿ ಕೇಳಿಸುತ್ತದೆ ಎಂಬ ವಿವರಣೆ ಬೇರೆ. ನಾನು ಕೊಂಡದ್ದೇ ಅರ್ಧ ಇದಕ್ಕಾಗಿ. ಅದು 162 ಮೆಗಾಹರ್ಟ್ಸ್ ಆಸುಪಾಸಿನ ಏಳು ಚಾನೆಲ್‌ಗಳ ಬ್ಯಾಂಡ್. ಅಲ್ಲಿ ಹವಾಮಾನ ಹೇಳುವವರು ಇರುವುದು ಅಮೆರಿಕ, ಕೆನಡಾಗಳಲ್ಲಿ. ಇಲ್ಲಿ ಆ ಏಳರಲ್ಲೂ ಒಂದೇ ಕಾರ್ಯಕ್ರಮ: ಸುಯ್ ಎಂಬ ಸದ್ದು. ಹೊರಗಿನ ಮಳೆಯ ಸದ್ದಿಗೂ ಅದಕ್ಕೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಎರಡನೆಯ ರಾತ್ರಿ, ಕೊಟ್ಟಿಗೆಗೆ ಹೋಗಲು ಟಾರ್ಚಿಗಾದರೂ ಆಗಲಿ ಎಂದು ತಿರುಗಿಸುತ್ತಿದ್ದಾಗ ಒಳಗೆ ಕರಕ್ ಎಂದಿತು. ಆಮೇಲೆ ಹಿಡಿಕೆ ಗಾಳಿಯಲ್ಲಿ ತಿರುಗಿದಂತೆ ಹಗುರ. ಕರೆಂಟು ಬಂದ ಮೇಲೆ ಬಿಚ್ಚಿ ನೋಡಿದೆವು. ಹಲ್ಲುಚಕ್ರ ಪ್ಲಾಸ್ಟಿಕ್ಕಿನದು, ನಾಲ್ಕು ಹಲ್ಲು ಸವೆದು ಪುಡಿಯಾಗಿದ್ದವು. ಸೆಲ್ಲಿನ ಮೇಲೆ 2,000 ಎಂಎಎಚ್ ಎಂದು ಅಚ್ಚಾಗಿತ್ತು. ಮಗ ಅಡುಗೆಮನೆಯ ತಕ್ಕಡಿಯಲ್ಲಿಟ್ಟ: 24 ಗ್ರಾಂ. ಆ ಅಳತೆಯ, 18650 ಎಂದು ಕರೆಯುವ ಅಸಲಿ ಸೆಲ್ಲು 45 ಗ್ರಾಂ ಆಸುಪಾಸು ತೂಗುತ್ತದೆ. ಅರ್ಧಕ್ಕರ್ಧ ಬರಿಯ ಡಬ್ಬ. ಮಾರಿದವರಿಗೆ ಬರೆದೆ, ಅವಧಿ ಮುಗಿದಿದೆ ಎಂಬ ಎರಡು ಸಾಲಿನ ಉತ್ತರ ಬಂತು.

ಆ ಎರಡು ರಾತ್ರಿ ನಮ್ಮನ್ನು ಕಾಪಾಡಿದ್ದು ಅತ್ತೆಯ ಹಳೆಯ ಟ್ರಾನ್ಸಿಸ್ಟರ್. ಎರಡು ದಪ್ಪ ಸೆಲ್ಲು, ಮುಳ್ಳು ತಿರುಗಿಸಿ ಹುಡುಕುವ ಡಯಲ್. ಮುಳ್ಳಿಗೆ ಒಂಬತ್ತೂ ಒಂದೇ, ಹತ್ತೂ ಒಂದೇ. ಅತ್ತೆ ಅದನ್ನು ಕಿಟಕಿಯ ಹತ್ತಿರವಿಟ್ಟು, ಒಮ್ಮೆ ಪೂರ್ವಕ್ಕೆ ಒಮ್ಮೆ ಉತ್ತರಕ್ಕೆ ಮುಖ ಮಾಡಿಸಿ, ಪ್ರದೇಶ ಸಮಾಚಾರ ಸ್ಪಷ್ಟವಾಗುವ ಕೋನ ಹುಡುಕಿದರು. ತರಂಗ ಹಿಡಿಯುವ ಒಳಗಿನ ಫೆರೈಟ್ ಕಡ್ಡಿಗೆ ದಿಕ್ಕು ಮುಖ್ಯ ಎಂದು ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಐವತ್ತು ವರ್ಷದ ಅಭ್ಯಾಸ ಅಷ್ಟೆ. ಇವರು ಉಡುಪಿಯಲ್ಲೇ ಉಳಿದುಕೊಂಡಿದ್ದರು, ಮೂರನೆಯ ದಿನ ಬಂದರು.

ತಂಗಿಗೆ ಹೇಳಿದ್ದು ಇಷ್ಟು. ಟಾರ್ಚನ್ನೂ ರೇಡಿಯೊವನ್ನೂ ಬೇರೆ ಬೇರೆ ಕೊಳ್ಳು, ಎರಡಕ್ಕೂ ಊರಿನ ಅಂಗಡಿಯಲ್ಲಿ ಸಿಗುವ ಒಂದೇ ಅಳತೆಯ ಸೆಲ್ಲು ಹಿಡಿಯಲಿ. ಮಳೆಗಾಲ ಮುಗಿದ ಮೇಲೆ ಸೆಲ್ಲು ತೆಗೆದಿಡು, ಇಲ್ಲದಿದ್ದರೆ ಸೋರಿ ತಗಡು ತಿನ್ನುತ್ತವೆ. ಮೊಬೈಲ್‌ಗೆ ಒಂದು ಪವರ್ ಬ್ಯಾಂಕ್, ಮೋಡ ಕಟ್ಟಿದ ದಿನವೇ ತುಂಬಿಸಿಡು. ನಿನ್ನ ಮನೆಯಂಗಳದಲ್ಲಿ ಯಾವ ನಿಲಯ ಕೇಳುತ್ತದೆ ಎಂದು ಪಕ್ಕದ ಮನೆಯ ರೇಡಿಯೊ ತಂದು ಮೊದಲು ನೋಡು. ಹಿಡಿಕೆಯದೇ ಬೇಕು ಎಂಬ ಹಟವಿದ್ದರೆ, ಸಾಮಾನ್ಯ ಸೆಲ್ಲು ಹಾಕಲು ಜಾಗವಿರುವುದನ್ನು ಆರಿಸು. ಬಂದ ದಿನವೇ ಚಾರ್ಜ್ ಪೂರ್ತಿ ಇಳಿಸಿ, ಐದು ನಿಮಿಷ ತಿರುಗಿಸಿ, ರೇಡಿಯೊ ಎಷ್ಟು ಹೊತ್ತು ಹಾಡುತ್ತದೆ ಎಂದು ಗಡಿಯಾರ ನೋಡು. ರೇಡಿಯೊ ತಿನ್ನುವುದು ಬಹಳ ಕಡಿಮೆ, ಹಿಡಿಕೆಗೆ ಒಪ್ಪುವ ಕೆಲಸ ಅದೊಂದೇ. ಜಾತ್ರೆಯಲ್ಲಿ ಸಿಗುವ ಹಿಸುಕುವ ಟಾರ್ಚಿನ ಸುದ್ದಿಗಂತೂ ಹೋಗಬೇಡ. ಕೆಲವುಗಳ ಒಳಗೆ ಗುಂಡಿಯಂಥ ಮಾಮೂಲಿ ಸೆಲ್ಲುಗಳಿರುತ್ತವೆ, ಡೈನಮೊ ಇರುವುದು ಸದ್ದು ಮಾಡಲಿಕ್ಕೆ ಮಾತ್ರ.

ಕಿತ್ತಳೆ ಡಬ್ಬಿಯನ್ನು ಎಸೆದಿಲ್ಲ. ಅದರಲ್ಲಿ ಅಪಾಯದ ಸೈರನ್ ಇದೆ, ಕರೆಂಟಿನಿಂದ ಚಾರ್ಜ್ ಮಾಡಿದರೆ ಕಿವಿ ಕಿತ್ತುಹೋಗುವಂತೆ ಕೂಗುತ್ತದೆ. ಬಾಳೆಗೊನೆಗೆ ಬರುವ ಮಂಗಗಳನ್ನು ಓಡಿಸಲು ತೋಟಕ್ಕೆ ಒಯ್ದೆ. ಮೂರು ದಿನ ಹೆದರಿದವು. ನಾಲ್ಕನೆಯ ದಿನ ಒಂದು ಹತ್ತಿರ ಬಂದು ಕೂತು, ಹಿಡಿಕೆ ಹಿಡಿದು ತಿರುಗಿಸಿ ನೋಡಿತು.